ಸಂಗೀತ, ಬೆಳಕು, ವಿನ್ಯಾಸ ಸೇರಿದ ಇನ್‌ಸ್ಟಲೇಷನ್: ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಸಂಗೀತ ಕಛೇರಿಯಾ, ಕಲಾ ಪ್ರದರ್ಶನವಾ?

ಎರಡರ ಗುಣವೂ ಇದೆ. ಕಛೇರಿಯಲ್ಲಿ ನಿಮಗೊಂದು ಕುರ್ಚಿ, ಎದುರಿಗೆ ವೇದಿಕೆ, ಶುರುವಾಗುವ ಹೊತ್ತು, ಮುಗಿಯುವ ಹೊತ್ತು ಇರುತ್ತವೆ. ಇಲ್ಲಿ ಇವು ಯಾವುದೂ ಇರಲೇಬೇಕೆಂದಿಲ್ಲ. ಇಡೀ ಕೋಣೆಯನ್ನೇ ಒಂದು ಕೃತಿಯಾಗಿ ಕಟ್ಟಿರುತ್ತಾರೆ. ಗೋಡೆ, ನೆಲ, ಚಾವಣಿ ಎಲ್ಲ ಕಡೆಯಿಂದಲೂ ಸಂಗೀತ ಬರಬಹುದು. ಬೆಳಕು ನಿಧಾನಕ್ಕೆ ಬದಲಾಗುತ್ತಾ ಇರುತ್ತದೆ. ನೀವು ಅದರೊಳಗೆ ಓಡಾಡುತ್ತೀರಿ, ಕೂರುತ್ತೀರಿ, ಕೆಲವು ಕಡೆ ಮಲಗಲೂಬಹುದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಸಂಗೀತ ಹಿನ್ನೆಲೆಗೆ ಹಾಕಿದ್ದಲ್ಲ, ಬೆಳಕು ಅಲಂಕಾರಕ್ಕೆ ಇಟ್ಟಿದ್ದಲ್ಲ. ಸಂಗೀತ, ಬೆಳಕು, ವಿನ್ಯಾಸ ಈ ಮೂರರಲ್ಲಿ ಒಂದನ್ನು ತೆಗೆದರೂ ಕೃತಿ ಕುಸಿಯಬೇಕು. ಹಾಗೆ ಕುಸಿಯದಿದ್ದರೆ ಅದು ಚೆಂದದ ದೀಪ ಹಾಕಿದ ಹಾಲ್ ಅಷ್ಟೇ.

ಯಾವ ಸಂಗೀತ ಇರುತ್ತದೆ?

ಹೆಚ್ಚಾಗಿ ಪಾಶ್ಚಾತ್ಯ ಶಾಸ್ತ್ರೀಯ ಪರಂಪರೆಯಲ್ಲಿ ಬೆಳೆದ, ಆದರೆ ಕಳೆದ ಎಪ್ಪತ್ತು ಎಂಬತ್ತು ವರ್ಷಗಳಲ್ಲಿ ಬರೆದ ಸಂಗೀತ. ಪಿಟೀಲು, ಚೆಲ್ಲೊ, ಪಿಯಾನೊ, ಮನುಷ್ಯರ ದನಿ ಇರುತ್ತವೆ. ಜೊತೆಗೆ ಎಲೆಕ್ಟ್ರಾನಿಕ್ ಸ್ವರ, ರೆಕಾರ್ಡ್ ಮಾಡಿದ ಸದ್ದುಗಳೂ ಸೇರಬಹುದು. ಗುನುಗಿಕೊಳ್ಳುವಂಥ ರಾಗ ಸಿಗುತ್ತದೆ ಅಂತ ಕಾದು ಕೂತರೆ ಕೆಲವೊಮ್ಮೆ ನಿರಾಸೆ ಆಗಬಹುದು. ಒಂದೇ ಸ್ವರ ಐದು ನಿಮಿಷ ನಿಲ್ಲಬಹುದು. ಆ ಐದು ನಿಮಿಷದಲ್ಲಿ ಸ್ವರದ ಬಣ್ಣ, ದಪ್ಪ, ದೂರ ಹೇಗೆ ಬದಲಾಗುತ್ತವೆ ಅನ್ನೋದೇ ಅಲ್ಲಿ ಕೇಳುವ ವಿಷಯ.

ನನಗೆ ಸಂಗೀತದ ಗಂಧಗಾಳಿ ಇಲ್ಲ. ಬರಬಹುದಾ?

ಖಂಡಿತ ಬನ್ನಿ. ಇಂಥ ಕೃತಿಗೆ ಬೇಕಾಗಿರೋದು ತಾಳ್ಮೆ. ಓದಿಕೊಂಡು ಬಂದವರು ಮೊದಲ ಹತ್ತು ನಿಮಿಷ ಹೆಸರು, ಶೈಲಿ ಗುರುತಿಸುವುದರಲ್ಲೇ ಕಳೆಯುವುದೂ ಉಂಟು. ಏನೂ ಗೊತ್ತಿಲ್ಲದೆ ಬಂದವರು ಸುಮ್ನೆ ಕೇಳುತ್ತಾರೆ.

ಇದು ಈಚಿನ ಫ್ಯಾಷನ್ ಅಲ್ವಾ?

ಅಲ್ಲ. ಬೆಳಕನ್ನೂ ಸ್ವರದ ಹಾಗೆ ನುಡಿಸಬೇಕು ಅನ್ನುವ ಆಸೆ ಬಹಳ ಹಳೆಯದು. 18ನೇ ಶತಮಾನದ ಮೊದಲ ಭಾಗದಲ್ಲೇ ಫ್ರಾನ್ಸಿನ ಲೂಯಿ ಬೆರ್ಟ್ರಾಂ ಕಾಸ್ಟೆಲ್ ಅನ್ನುವ ಪಾದ್ರಿ, ಹಾರ್ಮೋನಿಯಂನಂತೆ ಮನೆ ಒತ್ತಿದರೆ ಬಣ್ಣ ಕಾಣುವ ಒಂದು ವಾದ್ಯದ ಕಲ್ಪನೆ ಮಾಡಿದ್ದರು. ಆಗ ವಿದ್ಯುತ್ ಇರಲಿಲ್ಲ, ಅವರಿಗೆ ಸಿಕ್ಕಿದ್ದು ಮೇಣದಬತ್ತಿ ಮತ್ತು ಬಣ್ಣದ ಗಾಜು.

ರಷ್ಯಾದ ಸಂಯೋಜಕ ಅಲೆಕ್ಸಾಂಡರ್ ಸ್ಕ್ರಿಯಾಬಿನ್ 1910ರಲ್ಲಿ ಮುಗಿಸಿದ 'ಪ್ರೊಮೀಥಿಯಸ್' ಕೃತಿಯ ಸ್ವರಲಿಪಿಯಲ್ಲಿ ಬೆಳಕಿಗೇ ಒಂದು ಪ್ರತ್ಯೇಕ ಸಾಲು ಬರೆದರು. ಪಿಟೀಲಿಗೆ, ಕೊಳಲಿಗೆ ಇರುವಂತೆಯೇ. 1911ರಲ್ಲಿ ಮಾಸ್ಕೊದಲ್ಲಿ ಮೊದಲ ಸಲ ನುಡಿಸಿದಾಗ ಆ ಸಾಲು ಮೂಕವಾಗಿಯೇ ಉಳಿಯಿತು, ಬಣ್ಣದ ದೀಪವಿಲ್ಲದೆಯೇ ಕಛೇರಿ ನಡೆಯಿತು. ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಬಣ್ಣದ ಬೆಳಕಿನ ಜೊತೆ ನುಡಿಸಿದ್ದು 1915ರ ಮಾರ್ಚ್‌ನಲ್ಲಿ. ಮರು ತಿಂಗಳೇ ಸ್ಕ್ರಿಯಾಬಿನ್ ತೀರಿಕೊಂಡರು.

ನಿಜವಾದ ತಿರುವು ಬಂದದ್ದು 1958ರ ಬ್ರಸೆಲ್ಸ್ ವಿಶ್ವ ಮೇಳದಲ್ಲಿ. ಫಿಲಿಪ್ಸ್ ಕಂಪನಿಗಾಗಿ ವಾಸ್ತುಶಿಲ್ಪಿ ಲ ಕಾರ್ಬ್ಯೂಸಿಯೆ ಒಂದು ಪೆವಿಲಿಯನ್, ಅಂದರೆ ಮೇಳದ ಪ್ರದರ್ಶನ ಕಟ್ಟಡ, ಮಾಡಿಕೊಟ್ಟರು. ಅದರ ಬಾಗಿದ ಕಾಂಕ್ರೀಟ್ ಮೈಯನ್ನು ರೂಪಿಸಿದ್ದು ಅವರ ಕಚೇರಿಯಲ್ಲಿದ್ದ ಯಾನಿಸ್ ಕ್ಸೆನಾಕಿಸ್. ಅವರು ಎಂಜಿನಿಯರೂ ಹೌದು, ಸಂಯೋಜಕರೂ ಹೌದು. ಒಳಗೆ ಎಡ್ಗರ್ ವರೇಸ್ ಅವರ ಎಂಟು ನಿಮಿಷದ ಎಲೆಕ್ಟ್ರಾನಿಕ್ ಸಂಗೀತ ಮುನ್ನೂರಕ್ಕೂ ಜಾಸ್ತಿ ಸ್ಪೀಕರ್‌ಗಳಿಂದ ಹೊಮ್ಮುತ್ತಿತ್ತು. ಸದ್ದು ಒಂದು ಸ್ಪೀಕರ್‌ನಿಂದ ಇನ್ನೊಂದಕ್ಕೆ ದಾಟುತ್ತಾ ಗೋಡೆಯುದ್ದಕ್ಕೂ ಓಡುತ್ತಿತ್ತು. ಜೊತೆಗೆ ಚಿತ್ರಗಳು, ಬಣ್ಣದ ಬೆಳಕು. ಜನ ಒಳಗೆ ಬರುವಾಗ ಹೋಗುವಾಗ ಕ್ಸೆನಾಕಿಸ್ ಅವರದೇ ಒಂದು ಪುಟ್ಟ ಕೃತಿ ಕೇಳಿಸುತ್ತಿತ್ತು. ಅದನ್ನು ಅವರು ಉರಿಯುವ ಇದ್ದಿಲಿನ ಚಟಪಟ ಸದ್ದಿನಿಂದ ಮಾಡಿದ್ದರು. ಮೇಳ ಮುಗಿದ ಮೇಲೆ, 1959ರಲ್ಲಿ, ಆ ಕಟ್ಟಡವನ್ನು ಕೆಡವಿಬಿಟ್ಟರು. ಇವತ್ತಿಗೂ ಆ ಸಂಗೀತವನ್ನು ಹೆಡ್‌ಫೋನಿನಲ್ಲಿ ಕೇಳುವಾಗ ನನಗೆ ಅರ್ಧ ಕೃತಿ ಮಾತ್ರ ಕೈಯಲ್ಲಿದೆ ಅನ್ನಿಸುತ್ತದೆ. ಉಳಿದರ್ಧ ಆ ಗೋಡೆಗಳ ಜೊತೆ ಹೋಯಿತು.

ಆಮೇಲೆ ಕ್ಸೆನಾಕಿಸ್ ಇದೇ ದಾರಿಯಲ್ಲಿ ಮುಂದೆ ಹೋದರು. 1967ರಲ್ಲಿ ಮಾಂಟ್ರಿಯಲ್, 1972ರಲ್ಲಿ ಪ್ಯಾರಿಸ್ಸಿನ ಹಳೇ ರೋಮನ್ ಸ್ನಾನಗೃಹ, 1978ರಲ್ಲಿ ಅದೇ ಊರಿನ ಪೊಂಪಿಡು ಕಲಾ ಕೇಂದ್ರದ ಮುಂದೆ. ಫ್ಲ್ಯಾಷ್ ದೀಪ, ಲೇಸರ್, ಸ್ಪೀಕರ್ ಎಲ್ಲವನ್ನೂ ಸೇರಿಸಿ ಜಾಗವನ್ನೇ ವಾದ್ಯ ಮಾಡಿದರು.

ಯಾವ ಸ್ವರಕ್ಕೆ ಯಾವ ಬಣ್ಣ ಅಂತ ನಿಯಮ ಇದೆಯಾ?

ಇಲ್ಲ. ನಿಯಮ ಹುಡುಕಿದವರು ಮಾತ್ರ ಬಹಳ ಜನ. ನ್ಯೂಟನ್ ಕಾಮನಬಿಲ್ಲನ್ನು ಏಳು ಬಣ್ಣವಾಗಿ ಭಾಗ ಮಾಡಿ, ಅದನ್ನು ಸಪ್ತಸ್ವರದ ಅಂತರಗಳ ಜೊತೆ ಹೊಂದಿಸಿ ನೋಡಿದ್ದರು. ಸ್ಕ್ರಿಯಾಬಿನ್‌ಗೆ ಪಾಶ್ಚಾತ್ಯ ಸಿ ಸ್ವರ ಕೆಂಪು. ಅವರದೇ ಕಾಲದ ರಿಮ್ಸ್ಕಿ-ಕೊರ್ಸಕೊವ್‌ಗೆ ಅದೇ ಸಿ ಬಿಳಿ. ಇಬ್ಬರೂ ದೊಡ್ಡ ಸಂಯೋಜಕರು. ಯಾರನ್ನು ನಂಬೋಣ?

ಕೆಲವರಿಗೆ ಸ್ವರ ಕೇಳಿದರೆ ತಾನಾಗಿಯೇ ಬಣ್ಣ ತೋರುತ್ತದೆ. ಇದಕ್ಕೆ ಸಿನೆಸ್ತೇಸಿಯಾ ಅಂತ ಹೆಸರು. ಫ್ರಾನ್ಸಿನ ಸಂಯೋಜಕ ಒಲಿವಿಯೆ ಮೆಸ್ಸಿಯಾನ್ ತಮಗೆ ಹೀಗಾಗುತ್ತದೆ ಅಂತ ಬಹಳ ವಿವರವಾಗಿ ಹೇಳಿಕೊಂಡಿದ್ದರು. ಆದರೆ ಒಬ್ಬರಿಗೆ ಕಾಣುವ ಬಣ್ಣ ಇನ್ನೊಬ್ಬರಿಗೆ ಕಾಣುವುದಿಲ್ಲ.

ಎಲ್ಲರಲ್ಲೂ ಸಾಮಾನ್ಯವಾಗಿ ಕಾಣುವ ನಂಟು ಬೇರೆ ಇದೆ. ತಾರದ ಸ್ವರ ಬೆಳ್ಳಗೆ, ಚಿಕ್ಕದಾಗಿ, ಮೇಲಿರುವಂತೆ ಅನ್ನಿಸುತ್ತದೆ. ಮಂದ್ರದ ಸ್ವರ ಕಪ್ಪಗೆ, ದೊಡ್ಡದಾಗಿ, ಕೆಳಗಿರುವಂತೆ. ಒಳ್ಳೆಯ ಬೆಳಕಿನ ವಿನ್ಯಾಸಕರು ಬಣ್ಣದ ಪಟ್ಟಿ ಇಟ್ಟುಕೊಳ್ಳುವುದಿಲ್ಲ, ಈ ನಂಟನ್ನು ಬಳಸುತ್ತಾರೆ. ಬೇಕಾದಾಗ ಮುರಿಯುತ್ತಾರೆ ಕೂಡ. ಆಳದ ಮಂದ್ರ ಸ್ವರ ಬರುವಾಗ ಚಾವಣಿಯಲ್ಲಿ ತೆಳು ಬಿಳಿ ಬೆಳಕು ಹಾಕಿ ನೋಡಿ, ಮೈ ಒಂದು ಕ್ಷಣ ಗೊಂದಲಕ್ಕೆ ಬೀಳುತ್ತದೆ. ಆ ಗೊಂದಲದಲ್ಲಿ ಕಿವಿ ಚುರುಕಾಗುತ್ತದೆ.

ಸಂಗೀತಕ್ಕೆ ತಕ್ಕಂತೆ ಬೆಳಕು ಯಾಕೆ ಮಿನುಗುವುದಿಲ್ಲ? ಕೆಟ್ಟುಹೋಗಿದೆಯಾ?

ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದೇ. ಕೆಟ್ಟಿಲ್ಲ, ಬೇಕೆಂದೇ ಹಾಗೆ ಮಾಡಿರುತ್ತಾರೆ.

ಪ್ರತಿ ಪೆಟ್ಟಿಗೂ ಒಂದು ದೀಪ ಹೊತ್ತಿದರೆ ಏನಾಗುತ್ತದೆ? ಕಣ್ಣು ಎರಡೇ ನಿಮಿಷದಲ್ಲಿ ಆ ಲೆಕ್ಕ ಕಲಿತುಬಿಡುತ್ತದೆ. ಆಮೇಲೆ ಬೆಳಕು ಹೊಸದೇನನ್ನೂ ಹೇಳುವುದಿಲ್ಲ, ಕಿವಿಗೆ ಗೊತ್ತಾಗಿದ್ದನ್ನೇ ಮತ್ತೆ ಹೇಳುತ್ತದೆ. ಇನ್ನೂ ಕೆಟ್ಟದ್ದೆಂದರೆ, ಕಣ್ಣು ಗಮನವನ್ನೆಲ್ಲ ಎಳೆದುಕೊಂಡು ಕಿವಿ ಮಂಕಾಗುತ್ತದೆ. ಕುಣಿತದ ಪಾರ್ಟಿಗೆ ಅದು ಸರಿ. ಅಲ್ಲಿ ಬೇಕಿರುವುದೇ ಪೆಟ್ಟು.

ಬ್ರಸೆಲ್ಸ್‌ನ ಆ ಪೆವಿಲಿಯನ್ನಿನಲ್ಲಿ ಚಿತ್ರವನ್ನೂ ಸಂಗೀತವನ್ನೂ ಕ್ಷಣಕ್ಕೆ ಕ್ಷಣ ಹೊಂದಿಸುವ ಕೆಲಸಕ್ಕೆ ಹೋಗಲಿಲ್ಲ. ಎರಡೂ ತಮ್ಮ ಪಾಡಿಗೆ ಸಾಗುತ್ತಿದ್ದವು. ನೋಡುವವರ ತಲೆಯಲ್ಲಿ ಅವು ಆಗಾಗ ತಾನಾಗಿ ಕೂಡಿಕೊಳ್ಳುತ್ತಿದ್ದವು. ನನ್ನ ಮಟ್ಟಿಗೆ ಈ ಕಲೆಯ ಜೀವ ಇರುವುದು ಇಲ್ಲೇ. ಬೆಳಕಿಗೆ ಅದರದೇ ನಡಿಗೆ ಬೇಕು, ಸಂಗೀತಕ್ಕೆ ಅದರದು. ಅಪರೂಪಕ್ಕೊಮ್ಮೆ, ಇಪ್ಪತ್ತು ನಿಮಿಷಕ್ಕೊಮ್ಮೆ ಅನ್ನಿ, ಎರಡೂ ಒಂದೇ ಕ್ಷಣದಲ್ಲಿ ತಿರುಗಿದರೆ ಮೈ ಜುಮ್ಮೆನ್ನುತ್ತದೆ. ಯಾವಾಗಲೂ ಕೂಡಿಯೇ ಇದ್ದರೆ ಆ ಕ್ಷಣ ಸಿಗುವುದೇ ಇಲ್ಲ.

ಇದರಲ್ಲಿ ವಿನ್ಯಾಸದ ಪಾಲೇನು? ದೀಪ, ಸ್ಪೀಕರ್ ಇಟ್ಟರೆ ಸಾಕಲ್ವಾ?

ಸಾಕಾಗುವುದಿಲ್ಲ. ಕೋಣೆಯೂ ಒಂದು ವಾದ್ಯ. ಗಟ್ಟಿ ಗೋಡೆಯ ದೊಡ್ಡ ಚರ್ಚಿನಲ್ಲಿ ಒಂದು ಸದ್ದು ಆರೇಳು ಸೆಕೆಂಡು ಉಳಿಯಬಹುದು. ಒಳ್ಳೆಯ ಆರ್ಕೆಸ್ಟ್ರಾ ಸಭಾಂಗಣದಲ್ಲಿ ಸುಮಾರು ಎರಡು ಸೆಕೆಂಡು. ಕಾರ್ಪೆಟ್, ಪರದೆ, ಸೋಫಾ ತುಂಬಿದ ಕೋಣೆಯಲ್ಲಿ ಅರ್ಧ ಸೆಕೆಂಡೂ ಇಲ್ಲ. ಅದೇ ಸಂಗೀತ ಈ ಮೂರು ಜಾಗದಲ್ಲಿ ಮೂರು ಬೇರೆ ಕೃತಿಯಾಗಿ ಕೇಳಿಸುತ್ತದೆ. ಈ ಮಾರ್ದನಿಯನ್ನು ಲೆಕ್ಕ ಹಾಕುವ ಸೂತ್ರವನ್ನು ಮೊದಲು ಕೊಟ್ಟವರು ಅಮೆರಿಕದ ಭೌತವಿಜ್ಞಾನಿ ವ್ಯಾಲೇಸ್ ಸಬೈನ್. 1900ರಲ್ಲಿ ತೆರೆದ ಬಾಸ್ಟನ್ ಸಿಂಫನಿ ಹಾಲ್ ಅವರ ಲೆಕ್ಕ ಬಳಸಿ ಕಟ್ಟಿದ್ದು.

ಇಲ್ಲೊಂದು ತೊಡಕು ಬರುತ್ತದೆ. ಬೆಳಕಿನವರಿಗೆ ನುಣುಪಾದ ಬಿಳಿ ಗೋಡೆ ಬೇಕು, ಬಣ್ಣ ಚೆನ್ನಾಗಿ ಹರಡುತ್ತದೆ. ಆದರೆ ಅಂಥ ಗೋಡೆ ಸದ್ದನ್ನು ಅಷ್ಟೇ ಜೋರಾಗಿ ವಾಪಸ್ ಎಸೆಯುತ್ತದೆ. ಸಂಗೀತದವರಿಗೆ ಸದ್ದು ಹೀರುವ ದಪ್ಪ ಬಟ್ಟೆ ಬೇಕು, ಅದು ಬೆಳಕನ್ನೂ ನುಂಗುತ್ತದೆ. ಸಣ್ಣ ತೂತುಗಳ ಹಲಗೆಯ ಹಿಂದೆ ಸದ್ದು ಹೀರುವ ಪದರ ಇಡುವುದು, ಬಿಳಿ ಬಟ್ಟೆಯನ್ನು ಗೋಡೆಯಿಂದ ಸ್ವಲ್ಪ ದೂರ ಕಟ್ಟುವುದು, ಬಾಗಿದ ಮೈ ಮಾಡುವುದು ಹೀಗೆ ಏನಾದರೂ ದಾರಿ ಹುಡುಕಬೇಕು. ಪ್ರೊಜೆಕ್ಟರ್‌ನ ಫ್ಯಾನ್ ಸದ್ದು ಇನ್ನೊಂದು ತಲೆನೋವು. ಪಿಟೀಲಿನ ಕೊನೆಯ ಎಳೆ ಕರಗುವ ಹೊತ್ತಿಗೆ ಮೇಲಿಂದ ಗುಂಯ್ ಅಂತ ಕೇಳಿಸಿದರೆ ಆ ಎಳೆ ಹೋದಂತೆಯೇ.

ಅಷ್ಟೊಂದು ಸ್ಪೀಕರ್ ಯಾಕೆ?

ಸದ್ದಿಗೂ ಒಂದು ಜಾಗ ಕೊಡಲು. ಕೆನಡಾದ ಕಲಾವಿದೆ ಜಾನೆಟ್ ಕಾರ್ಡಿಫ್ 2001ರಲ್ಲಿ ಮಾಡಿದ ಕೃತಿ ಇದಕ್ಕೆ ಒಳ್ಳೆಯ ಉದಾಹರಣೆ. ಸಂಗೀತ 16ನೇ ಶತಮಾನದ್ದು, ಥಾಮಸ್ ಟ್ಯಾಲಿಸ್ ನಲವತ್ತು ದನಿಗಳಿಗೆ ಬರೆದದ್ದು. ಕಾರ್ಡಿಫ್ ಪ್ರತಿ ದನಿಯನ್ನೂ ಬೇರೆಯಾಗಿ ರೆಕಾರ್ಡ್ ಮಾಡಿ ನಲವತ್ತು ಸ್ಪೀಕರ್‌ಗಳಿಗೆ ಹಂಚಿದರು. ನಡುವೆ ನಿಂತರೆ ದೊಡ್ಡ ಅಲೆಯಂತೆ ಹಾಡು. ಒಂದು ಸ್ಪೀಕರ್ ಹತ್ತಿರ ಹೋದರೆ ಒಬ್ಬರೇ ನಿಮ್ಮ ಕಿವಿಯಲ್ಲಿ ಹಾಡುತ್ತಾರೆ, ಉಸಿರು ಎಳೆದುಕೊಳ್ಳುವುದೂ ಕೇಳಿಸುತ್ತದೆ. ಕಛೇರಿಯಲ್ಲಿ ಹಾಡುಗಾರರ ಅಷ್ಟು ಹತ್ತಿರ ಯಾರು ಬಿಡುತ್ತಾರೆ?

ಬೆಳಕು ಮತ್ತು ಸದ್ದನ್ನು ಹೊಂದಿಸುವುದು ಹೇಗೆ?

ದೀಪಗಳನ್ನು ನಡೆಸಲು ಸಾಮಾನ್ಯವಾಗಿ ಡಿಎಂಎಕ್ಸ್ 512 ಅನ್ನುವ ವ್ಯವಸ್ಥೆ ಬಳಸುತ್ತಾರೆ. 1986ರಿಂದ ಇದೆ. ಒಂದು ಸಾಲಿನಲ್ಲಿ 512 ಚಾನೆಲ್, ಪ್ರತಿಯೊಂದಕ್ಕೂ 0ಯಿಂದ 255ರವರೆಗೆ ಹಂತಗಳು. ಕೆಂಪು, ಹಸಿರು, ನೀಲಿ ಇರುವ ಒಂದು ಎಲ್‌ಇಡಿ ದೀಪಕ್ಕೆ ಕನಿಷ್ಠ ಮೂರು ಚಾನೆಲ್ ಬೇಕು. ಸಂಗೀತ ಮತ್ತು ದೀಪ ಎರಡೂ ಒಂದೇ ಟೈಮ್‌ಕೋಡ್, ಅಂದರೆ ಎರಡಕ್ಕೂ ಸಾಮಾನ್ಯವಾದ ಗಡಿಯಾರದ ಸಂಕೇತ, ನೋಡಿಕೊಂಡು ನಡೆಯುತ್ತವೆ.

ನಿಧಾನಕ್ಕೆ ಮಸುಕಾಗುವ ಬೆಳಕಿಗೆ 256 ಹಂತ ಸಾಲುವುದಿಲ್ಲ. ಪೂರ್ತಿ ಕತ್ತಲಾಗುವ ಮುಂಚಿನ ಕೊನೆಯ ಕೆಲವು ಹಂತಗಳಲ್ಲಿ ಬೆಳಕು ಮೆಟ್ಟಿಲು ಇಳಿದಂತೆ ಜಿಗಿಯುತ್ತದೆ, ಕಣ್ಣಿಗೆ ಗೊತ್ತಾಗಿಬಿಡುತ್ತದೆ. ಅದಕ್ಕೇ ಎರಡು ಚಾನೆಲ್ ಸೇರಿಸಿ 65,536 ಹಂತ ಮಾಡಿಕೊಳ್ಳುತ್ತಾರೆ.

ಇನ್ನು ದೂರದ ಲೆಕ್ಕ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. 34 ಮೀಟರ್ ಉದ್ದದ ಹಾಲ್‌ನ ಆ ತುದಿಯಿಂದ ಸದ್ದು ಬರಲು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು. ಬೆಳಕು ಆಗಲೇ ತಲುಪಿರುತ್ತದೆ. ಒಂದು ಜಾಗದಲ್ಲಿ ನಿಂತವರಿಗೆ ಸರಿ ಹೊಂದಿಸಿದರೆ ಇನ್ನೊಂದು ಜಾಗದವರಿಗೆ ತಪ್ಪುತ್ತದೆ. ಬಿಗಿಯಾಗಿ ಹೊಂದಿಸುವ ಹಟ ಬಿಡುವುದಕ್ಕೆ ಇದೂ ಒಂದು ಕಾರಣ.

ಒಳಗೆ ಅಷ್ಟು ಕತ್ತಲೆ ಯಾಕೆ?

ಕತ್ತಲೆಯೂ ಕೃತಿಯ ಭಾಗ. ಆಸ್ಟ್ರಿಯಾದ ಸಂಯೋಜಕ ಗಿಯೋರ್ಗ್ ಫ್ರೀಡ್ರಿಶ್ ಹಾಸ್ ಅವರ 'ಇನ್ ವೇನ್' ಅನ್ನುವ ಕೃತಿ 2000ದ್ದು. ಇಪ್ಪತ್ತನಾಲ್ಕು ವಾದಕರಿಗೆ ಬರೆದದ್ದು. ಅದರ ಕೆಲವು ಭಾಗಗಳನ್ನು ಪೂರ್ತಿ ಕತ್ತಲಲ್ಲಿ ನುಡಿಸಬೇಕು. ವಾದಕರಿಗೆ ಕಾಗದ ಕಾಣುವುದಿಲ್ಲ, ನಿರ್ದೇಶಕರ ಕೈ ಕಾಣುವುದಿಲ್ಲ. ನೆನಪಿನಿಂದ, ಒಬ್ಬರನ್ನೊಬ್ಬರು ಕೇಳಿಸಿಕೊಂಡು ನುಡಿಸುತ್ತಾರೆ. ಕೂತವರೂ ಅದೇ ಕತ್ತಲಲ್ಲಿರುತ್ತಾರೆ. ದೀಪ ಆರಿದ ತಕ್ಷಣ ಅದೇ ಸ್ವರ ಇನ್ನೂ ಹತ್ತಿರ ಬಂದಂತೆ ಅನ್ನಿಸುತ್ತದೆ.

ಕಣ್ಣಿನ ಕಾರಣವೂ ಇದೆ. ಬಿಸಿಲಿನಿಂದ ಒಳಗೆ ಬಂದ ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಮೊದಲಿಗೆ ಏನೂ ಕಾಣದ ಗೋಡೆಯ ಮೇಲೆ ಹದಿನೈದು ನಿಮಿಷದ ಮೇಲೆ ನೀಲಿ ಛಾಯೆ ಕಂಡರೆ, ದೀಪ ಬದಲಾಗಿಲ್ಲ, ನಿಮ್ಮ ಕಣ್ಣು ಬದಲಾಗಿದೆ. ಮಂದ ಬೆಳಕಿನಲ್ಲಿ ಕೆಂಪು ಕಪ್ಪಾಗುತ್ತದೆ, ನೀಲಿ ಎದ್ದು ಕಾಣುತ್ತದೆ. ದಯವಿಟ್ಟು ಮೊಬೈಲ್ ತೆಗೆಯಬೇಡಿ ಅಂತ ನಾವು ಬೇಡಿಕೊಳ್ಳುವುದು ಇದಕ್ಕೇ. ಒಬ್ಬರ ಪರದೆ ಒಮ್ಮೆ ಬೆಳಗಿದರೆ ಅಕ್ಕಪಕ್ಕದವರೆಲ್ಲರ ಕಣ್ಣು ಮತ್ತೆ ಮೊದಲಿನಿಂದ ಶುರು ಮಾಡಬೇಕು.

ಎಷ್ಟು ಹೊತ್ತು ಇರಬೇಕು?

ಕನಿಷ್ಠ ಅರ್ಧ ಗಂಟೆ. ಕಣ್ಣಿನ ಲೆಕ್ಕವೇ ಅದನ್ನು ಕೇಳುತ್ತದೆ. ಮೊದಲ ಐದಾರು ನಿಮಿಷ 'ಏನೂ ಆಗ್ತಿಲ್ಲ' ಅನ್ನಿಸುವುದು ಸಹಜ. ಹೆಚ್ಚಿನವರು ಹೊರಟುಹೋಗುವುದು ಆ ಹೊತ್ತಿಗೇ. ಇನ್ನೊಂದು ಸ್ವಲ್ಪ ಕೂತಿದ್ದರೆ ಆಗುತ್ತಿತ್ತಲ್ಲ ಅಂತ ನನಗೆ ಪ್ರತಿ ಸಲವೂ ಸಂಕಟವಾಗುತ್ತದೆ.

ಎಲ್ಲಿ ನಿಂತರೆ ಚೆನ್ನಾಗಿ ಕೇಳಿಸುತ್ತದೆ?

ಒಂದೇ ಸರಿಯಾದ ಜಾಗ ಅಂತ ಇಲ್ಲ, ಓಡಾಡಿ. 40 ಹರ್ಟ್ಸ್‌ನ (ಸೆಕೆಂಡಿಗೆ 40 ಸಲ ಕಂಪಿಸುವ) ಮಂದ್ರ ಸ್ವರದ ಅಲೆ ಸುಮಾರು ಎಂಟೂವರೆ ಮೀಟರ್ ಉದ್ದ ಇರುತ್ತದೆ. ಅಂಥ ಅಲೆ ಗೋಡೆಗೆ ಬಡಿದು ವಾಪಸ್ ಬಂದಾಗ ಕೆಲವು ಜಾಗದಲ್ಲಿ ಜೋರಾಗುತ್ತದೆ, ಕೆಲವು ಜಾಗದಲ್ಲಿ ಹೆಚ್ಚುಕಡಿಮೆ ಮಾಯವಾಗುತ್ತದೆ. ಎರಡು ಹೆಜ್ಜೆ ಇಟ್ಟರೆ ಸಂಗೀತ ಬದಲಾಗುತ್ತದೆ. ತಾರ ಸ್ವರಗಳಿಗೆ ಅಷ್ಟೂ ಬೇಡ. ನ್ಯೂಯಾರ್ಕಿನ ಚರ್ಚ್ ಸ್ಟ್ರೀಟ್‌ನಲ್ಲಿ ಸಂಯೋಜಕ ಲಾ ಮಾಂಟ್ ಯಂಗ್ ಮತ್ತು ಕಲಾವಿದೆ ಮರಿಯನ್ ಜಜೀಲಾ 1993ರಲ್ಲಿ ತೆರೆದ 'ಡ್ರೀಮ್ ಹೌಸ್' ಅನ್ನುವ ಸದ್ದು-ಬೆಳಕಿನ ಇನ್‌ಸ್ಟಲೇಷನ್‌ನಲ್ಲಿ ತಲೆ ಸ್ವಲ್ಪ ವಾಲಿಸಿದರೂ ಕೇಳುವ ಸ್ವರಗಳು ಬೇರೆಯಾಗುತ್ತವೆ. ಸ್ವರಗಳು ಅಲ್ಲಿ ನಿಂತೇ ಇರುತ್ತವೆ, ನಡೆಯುವವರು ನೀವು.

ವಾದಕರೇ ಇಲ್ಲದಿದ್ದರೆ ಅದನ್ನು ಸಂಗೀತ ಅನ್ನಬಹುದಾ?

ಅನ್ನಬಹುದು. ಸಂಯೋಜಕ ಲಿಗೆಟಿ 1962ರಲ್ಲಿ ನೂರು ಮೆಟ್ರೊನೋಮ್‌ಗಳಿಗೇ (ಲಯ ತೋರಿಸಲು ಟಕ್ ಟಕ್ ಅನ್ನುವ ಯಂತ್ರಗಳಿಗೇ) ಒಂದು ಕೃತಿ ಬರೆದರು. ಜರ್ಮನಿಯ ಸಂಯೋಜಕ ಹಾಯ್ನರ್ ಗೋಬೆಲ್ಸ್ 2007ರಲ್ಲಿ ಐದು ಪಿಯಾನೊ, ನೀರು, ಮಂಜು, ಬೆಳಕು ಇಟ್ಟು, ವೇದಿಕೆಯ ಮೇಲೆ ಒಬ್ಬ ಕಲಾವಿದರೂ ಇಲ್ಲದ ಪ್ರದರ್ಶನ ಕಟ್ಟಿದರು. ಆದರೂ ಎದುರಿಗೇ ಒಬ್ಬರು ಚೆಲ್ಲೊ ಮೇಲೆ ಕಮಾನು ಎಳೆಯುವಾಗ ಸಿಗುವ ಬಿಸಿ ಬೇರೆಯೇ. ಅವಕಾಶ ಇದ್ದರೆ ವಾದಕರಿರುವ ದಿನವೇ ಬನ್ನಿ ಅನ್ನುತ್ತೇನೆ.

ಮೂರ್ಛೆ ರೋಗ ಅಥವಾ ಮೈಗ್ರೇನ್ ಇದ್ದವರು ಬರಬಹುದಾ?

ಮೊದಲು ವಿಚಾರಿಸಿ, ಆಮೇಲೆ ಬನ್ನಿ. ಬೆಳಕಿನಿಂದ ಕೆರಳುವ ಮೂರ್ಛೆ ಇರುವವರಿಗೆ ಸೆಕೆಂಡಿಗೆ 3ರಿಂದ 30 ಸಲ ಮಿನುಗುವ ಬೆಳಕು ಸಾಮಾನ್ಯವಾಗಿ ಅಪಾಯ. ಮಿನುಗುವ ದೀಪ ಇದ್ದರೆ ಬಾಗಿಲಲ್ಲೇ ದೊಡ್ಡದಾಗಿ ಬರೆದು ಹಾಕಿರಬೇಕು. ಇಲ್ಲದಿದ್ದರೆ ಸಂಕೋಚ ಬೇಡ, ಕೇಳಿ. ಒಳಗಿದ್ದಾಗ ಹಠಾತ್ತಾಗಿ ಮಿನುಗು ಶುರುವಾದರೆ ಒಂದು ಕಣ್ಣನ್ನು ಅಂಗೈಯಿಂದ ಪೂರ್ತಿ ಮುಚ್ಚಿಕೊಂಡು ಬೇರೆ ಕಡೆ ತಿರುಗಿ. ಬರೀ ರೆಪ್ಪೆ ಮುಚ್ಚಿದರೆ ಸಾಲದು, ರೆಪ್ಪೆಯ ಮೂಲಕವೂ ಬೆಳಕು ಒಳಗೆ ಬರುತ್ತದೆ.

ಸದ್ದಿನಿಂದ ಕಿವಿಗೆ ತೊಂದರೆ ಆಗುತ್ತದಾ?

ಮಟ್ಟ ಮತ್ತು ಸಮಯ ಎರಡನ್ನೂ ನೋಡಬೇಕು. 85 ಡೆಸಿಬಲ್ ಸದ್ದಿನಲ್ಲಿ ಎಂಟು ಗಂಟೆ ಇರಬಹುದು ಅನ್ನುವುದು ಬಳಕೆಯಲ್ಲಿರುವ ಒಂದು ಲೆಕ್ಕ. ಸದ್ದು 3 ಡೆಸಿಬಲ್ ಏರಿದಾಗಲೆಲ್ಲ ಸಮಯ ಅರ್ಧವಾಗುತ್ತದೆ. ಅಂದರೆ 100 ಡೆಸಿಬಲ್‌ಗೆ ಹದಿನೈದೇ ನಿಮಿಷ. ಜೋರು ಸದ್ದಿನ ಕೃತಿಗೆ ಇಯರ್‌ಪ್ಲಗ್ ಹಾಕಿಕೊಳ್ಳುವುದರಲ್ಲಿ ಸಂಗೀತಕ್ಕೆ ಅವಮಾನವೇನೂ ಇಲ್ಲ.

ಮಕ್ಕಳನ್ನು ಕರೆತರಬಹುದಾ?

ಕತ್ತಲೆಗೆ ಹೆದರದ ಮಕ್ಕಳಾದರೆ ತನ್ನಿ. ಬಾಗಿಲ ಹತ್ತಿರ ಕೂತುಕೊಳ್ಳಿ.

ಕಣ್ಣು ಕಾಣದವರಿಗೆ, ಕಿವಿ ಕೇಳದವರಿಗೆ ಇದರಲ್ಲಿ ಏನಿದೆ?

ಚೆನ್ನಾಗಿ ಮಾಡಿದ ಕೃತಿಯಲ್ಲಿ ಬಹಳಷ್ಟಿದೆ. ಮಂದ್ರ ಸ್ವರ ಕಿವಿಗಷ್ಟೇ ಬರುವುದಿಲ್ಲ. ಮರದ ನೆಲ, ಬೆಂಚು, ಎದೆಗೂಡಿನ ಮೂಲಕವೂ ಬರುತ್ತದೆ. ಬೆಂಚಿನ ಕೆಳಗೆ ಕಂಪನ ಕೊಡುವ ಸಾಧನ ಕೂರಿಸಿದರೆ ಕಿವಿ ಕೇಳದವರು ಬೆನ್ನಿನಿಂದ ಚೆಲ್ಲೊದ ಗತಿ ಹಿಡಿಯಬಲ್ಲರು. ಕಣ್ಣು ಕಾಣದವರಿಗೆ ಸ್ಪೀಕರ್‌ಗಳ ನಡುವೆ ನಡೆಯುವುದೇ ಕೋಣೆಯ ನಕ್ಷೆ. ಇದನ್ನೆಲ್ಲ ಕೊನೆಗೆ ಸೇರಿಸಿದರೆ ನಾಟುವುದಿಲ್ಲ. ಮೊದಲ ದಿನದ ನಕ್ಷೆಯಲ್ಲೇ ಇದು ಇರಬೇಕು ಅಂತ ನಾನು ಹಟ ಹಿಡಿಯುತ್ತೇನೆ.

ಅರ್ಥವೇ ಆಗಲಿಲ್ಲ. ಏನು ಮಾಡಲಿ?

ನಿಮಗೆ ಏನನ್ನಿಸಿತು ಅಂತ ಜೊತೆಗೆ ಬಂದವರ ಹತ್ತಿರ ಮಾತಾಡಿ. ಬೇಸರ ಆಗಿದ್ದರೆ ಅದನ್ನೂ ಹೇಳಿ. ಯಾವ ಹೊತ್ತಿಗೆ ಬೇಸರ ಶುರುವಾಯಿತು, ಆಗ ಬೆಳಕು ಹೇಗಿತ್ತು ಅಂತ ನೆನಪು ಮಾಡಿಕೊಂಡರೆ ಕೃತಿಯ ಬಗ್ಗೆ ಬಹಳಷ್ಟು ಗೊತ್ತಾಗುತ್ತದೆ. ಎಲ್ಲ ಕೃತಿಯೂ ಒಳ್ಳೆಯದೇ ಆಗಿರಬೇಕಿಲ್ಲ.

ಮನೆಯಲ್ಲಿ ನಾವೇ ಸಣ್ಣದಾಗಿ ಏನಾದರೂ ಮಾಡಿ ನೋಡಬಹುದಾ?

ಮಾಡಿ, ಇದಕ್ಕಿಂತ ಒಳ್ಳೆಯ ಪಾಠ ಇಲ್ಲ. ಮೂರು ಫೋನು ಅಥವಾ ಸಣ್ಣ ಸ್ಪೀಕರ್ ತಗೊಳ್ಳಿ. ಮೂರರಲ್ಲೂ ಒಂದೊಂದು ಉದ್ದ ಸ್ವರ ರೆಕಾರ್ಡ್ ಮಾಡಿ. ನೀವೇ ಹಾಡಿದರೂ ಸರಿ. ಮೊದಲನೆಯದು 17 ಸೆಕೆಂಡಿಗೊಮ್ಮೆ, ಎರಡನೆಯದು 23 ಸೆಕೆಂಡಿಗೊಮ್ಮೆ, ಮೂರನೆಯದು 29 ಸೆಕೆಂಡಿಗೊಮ್ಮೆ ಮತ್ತೆ ಬರುವಂತೆ ಲೂಪ್ ಮಾಡಿ. ಮೂರೂ ಒಟ್ಟಿಗೆ ಶುರುವಾದರೆ, ಮತ್ತೆ ಒಟ್ಟಿಗೆ ಸೇರುವುದು 11,339 ಸೆಕೆಂಡಿನ ಮೇಲೆ, ಅಂದರೆ ಹತ್ತಿರ ಹತ್ತಿರ 3 ಗಂಟೆ 9 ನಿಮಿಷಕ್ಕೆ. ಅಲ್ಲಿಯವರೆಗೆ ಪ್ರತಿ ಸಲವೂ ಹೊಸ ಜೋಡಣೆ. ಬ್ರಿಟನ್ನಿನ ಸಂಗೀತಗಾರ ಬ್ರಯಾನ್ ಈನೊ 1978ರ ತಮ್ಮ ವಿಮಾನ ನಿಲ್ದಾಣದ ಸಂಗೀತದಲ್ಲಿ ಬಳಸಿದ್ದು ಇದೇ ಉಪಾಯ.

ಫೋನುಗಳನ್ನು ಕೋಣೆಯ ಮೂರು ಮೂಲೆಯಲ್ಲಿ, ಒಂದನ್ನು ನೆಲದ ಮೇಲೆ, ಒಂದನ್ನು ಎತ್ತರದಲ್ಲಿ ಇಡಿ. ಪರದೆಗಳನ್ನು ಕೆಳಮುಖ ಮಾಡಿ. ಬೆಳಕಿಗೆ ಒಂದೇ ದೀಪ ಸಾಕು. ಅದನ್ನು ಗೋಡೆಗೆ ತಿರುಗಿಸಿ, ಬಲ್ಬು ಕಣ್ಣಿಗೆ ಬೀಳದಿರಲಿ. ಡಿಮ್ಮರ್ ಇದ್ದರೆ ಹತ್ತು ನಿಮಿಷ ತಗೊಂಡು ನಿಧಾನಕ್ಕೆ ಇಳಿಸಿ. ಸ್ವರ ಬಂದಾಗ ಕೈ ಆಡಿಸಬೇಕು ಅನ್ನಿಸುತ್ತದೆ, ತಡೆದುಕೊಳ್ಳಿ. ಮೊದಲ ಸಲ ದೀಪ ಇಳಿಸುವ ಕೆಲಸ ಬೇರೆಯವರಿಗೆ ಕೊಟ್ಟು ನೀವು ನೆಲದ ಮೇಲೆ ಮಲಗಿ ಕೇಳಿ. ಎರಡನೇ ಸಲ ಒಂದು ಸ್ಪೀಕರ್‌ನ ಜಾಗ ಮಾತ್ರ ಬದಲಿಸಿ.